ನಮ್ಮ ಮಗು ಹೊರಲು ಮೂರನೇ ಸಲ ತಂಗಿಯನ್ನು ಕೇಳುವುದು ಹೇಗೆ?

ತುಂಗೆಯ ಮಗಳು:
ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯದೆ ಆಗಲಿಲ್ಲ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 38, ಯಜಮಾನರಿಗೆ 43. ಹೈಸ್ಕೂಲಿನಲ್ಲಿದ್ದಾಗ ನನಗೆ ಟಿಬಿ ಆಗಿತ್ತು. ಮಾತ್ರೆ ನುಂಗಿ ವಾಸಿಯಾಯಿತು, ಮನೆಯವರೆಲ್ಲ ಮರೆತೂ ಬಿಟ್ಟರು. ಅದು ಗರ್ಭಕೋಶದಲ್ಲೂ ಹೋಗಿ ಕೂತಿತ್ತು ಅಂತ ಗೊತ್ತಾಗಿದ್ದು ಮದುವೆಯಾಗಿ ನಾಲ್ಕು ವರ್ಷ ಆದ ಮೇಲೆ. ಒಳಗೆಲ್ಲ ಅಂಟಿಕೊಂಡಿತ್ತು. ಯಾವ ಔಷಧ ಕೊಟ್ಟರೂ ಗರ್ಭಕೋಶದ ಒಳಪದರ (ಲೈನಿಂಗ್) 5 ಮಿಲಿಮೀಟರ್ ದಾಟಲಿಲ್ಲ. ನಾಲ್ಕು ಸಲ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡಿ ಒಳಗೆ ಇಡುವುದು) ಆಯಿತು, ನಾಲ್ಕೂ ಸಲ ನೆಗೆಟಿವ್. ಆಮೇಲೆ ಡಾಕ್ಟರೇ ಹೇಳಿದರು, "ಭ್ರೂಣ ಚೆನ್ನಾಗಿದೆ ಅಮ್ಮಾ, ನೆಲ ಸರಿಯಿಲ್ಲ" ಅಂತ. ಸರೋಗಸಿ (ನಮ್ಮ ಮಗುವನ್ನು ಇನ್ನೊಬ್ಬಳು ಹೊತ್ತು ಹೆತ್ತು ಕೊಡುವುದು) ಅನ್ನುವ ಮಾತು ನಮ್ಮ ಮನೆಗೆ ಬಂದಿದ್ದು ಹಾಗೆ.

ಮೊದಲು ಒಪ್ಪಿದ್ದು ನನ್ನ ಓರಗಿತ್ತಿ. ಜಿಲ್ಲಾ ವೈದ್ಯಕೀಯ ಮಂಡಳಿಯ ಸರ್ಟಿಫಿಕೇಟ್, ಮ್ಯಾಜಿಸ್ಟ್ರೇಟರ ಆದೇಶ, 36 ತಿಂಗಳ ವಿಮೆ, ಎಲ್ಲಕ್ಕೂ ಓಡಾಡಿದೆವು. ವಿಮೆ ಏಜೆಂಟ್ ಇಂಥ ಪಾಲಿಸಿಯ ಹೆಸರೇ ಕೇಳಿರಲಿಲ್ಲ, ನಾನೇ ಅವನಿಗೆ ಪಾಠ ಮಾಡಿದೆ. ಎಲ್ಲ ಕೈಗೆ ಬರಲು ಎಂಟು ತಿಂಗಳು ಹಿಡಿಯಿತು. ಟ್ರಾನ್ಸ್‌ಫರ್‌ಗೆ (ಭ್ರೂಣವನ್ನು ಅವಳ ಗರ್ಭಕೋಶದಲ್ಲಿ ಇಡುವುದಕ್ಕೆ) ಒಂದು ವಾರ ಇರುವಾಗ ಅವಳ ತಾಯಿ ಬೇಡ ಅಂದರು. ಅವಳು ಹಿಂದೆ ಸರಿದಳು. ಆ ವರ್ಷ ಗಣೇಶನ ಹಬ್ಬಕ್ಕೆ ಒಂದೇ ಅಡುಗೆಮನೆಯಲ್ಲಿ ನಿಂತು ಕಡುಬು ಮಾಡಿದೆವು. ಇಬ್ಬರೂ ಮಾತಾಡಲಿಲ್ಲ.

ಆಮೇಲೆ ನನ್ನ ಚಿಕ್ಕಮ್ಮನ ಮಗಳು ತಾನಾಗಿ ಫೋನ್ ಮಾಡಿದಳು. ಅವಳಿಗೆ 34, ಆರನೇ ಕ್ಲಾಸಿನ ಮಗ ಇದ್ದಾನೆ. ಸಾಗರದಲ್ಲಿ ಟೈಲರಿಂಗ್ ಮಾಡುತ್ತಾಳೆ. "ಅಕ್ಕಾ, ನಾನಿದ್ದೇನಲ್ಲ" ಅಂದಳು. ಮತ್ತೆ ಮೊದಲಿನಿಂದ ಕಾಗದ. ಮೊದಲ ಟ್ರಾನ್ಸ್‌ಫರ್‌ನಲ್ಲಿ ಬೀಟಾ (ಬಸಿರು ನಿಂತಿದೆಯಾ ಅಂತ ನೋಡುವ ರಕ್ತ ಪರೀಕ್ಷೆ) ನೆಗೆಟಿವ್. ಎರಡನೆಯದರಲ್ಲಿ ಬಸಿರು ನಿಂತಿತು. ಏಳನೇ ವಾರ ಹೃದಯದ ಬಡಿತ ಕೇಳಿಸಿಕೊಂಡೆವು. ಒಂಬತ್ತನೇ ವಾರಕ್ಕೆ ಅದು ನಿಂತುಹೋಗಿತ್ತು.

ಡಿ ಅಂಡ್ ಸಿ (ಗರ್ಭಕೋಶ ಸ್ವಚ್ಛ ಮಾಡುವುದು) ಮುಗಿಸಿ ಅವಳನ್ನು ವಾರ್ಡಿಗೆ ತಂದಾಗ ಅರೆ ಎಚ್ಚರದಲ್ಲಿ ನನ್ನ ಕೈ ಹಿಡಿದು "ಸಾರಿ ಅಕ್ಕಾ" ಅಂದಳು. ನನಗೆ ಅದೇ ಕಿವಿಯಲ್ಲಿದೆ.

ಇನ್ನು ಎರಡು ಭ್ರೂಣ ಉಳಿದಿವೆ. ನಿಯಮದಲ್ಲಿ ಒಬ್ಬರಿಗೆ ಮೂರೇ ಪ್ರಯತ್ನ. ಜನವರಿಗೆ ಅವಳಿಗೆ 35 ತುಂಬುತ್ತದೆ. ಡಾಕ್ಟರ್ ರೆಡಿ, ಯಜಮಾನರು ನಿನ್ನಿಷ್ಟ ಅನ್ನುತ್ತಾರೆ. ನಾನು ಎಷ್ಟು ಸಲ ಬೇಕಾದರೂ ಬಿದ್ದು ಏಳುತ್ತೇನೆ, ಅಭ್ಯಾಸ ಆಗಿದೆ. ಆದರೆ ಈ ಸಲ ಬೀಳುವುದು ನಾನಲ್ಲ, ಅವಳು. ಹೇಗೆ ಕೇಳಲಿ? ಕೇಳಬೇಕಾ?

ಗಸಗಸೆ ಪಾಯಸ:
ಓದಿ ಕಣ್ಣು ತುಂಬಿತು. ನಿಮ್ಮ ತಂಗಿಯ ಕಾಲು ಮುಟ್ಟಬೇಕು ಅನಿಸಿತು.

ಕೆರೆ ಏರಿ:
ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಕಷ್ಟ ಯಾಕೆ? ಎಷ್ಟೋ ಅನಾಥ ಮಕ್ಕಳಿವೆ, ಒಂದು ದತ್ತು ತಗೊಂಡು ಆರಾಮಾಗಿ ಇರಬಹುದಲ್ವಾ? ನಮ್ಮ ರಕ್ತವೇ ಆಗಬೇಕು ಅನ್ನುವ ಹಟದಲ್ಲಿ ಇನ್ನೊಂದು ಹೆಣ್ಣಿನ ಹೊಟ್ಟೆ ಬಾಡಿಗೆಗೆ ತಗೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಅಪ್ಪ ಆಗದವನು:
ಕೆರೆ ಏರಿಯವರೇ, ದತ್ತು ಅಂದರೆ ಅಂಗಡಿಗೆ ಹೋಗಿ ತರುವುದಲ್ಲ. ನಾವು ಆ ಸಾಲಿನಲ್ಲಿ ನಿಂತು ಮೂರು ವರ್ಷ ದಾಟಿದೆ. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ದಾಟಬಾರದು. ತುಂಗೆಯವರದು ಈಗಲೇ 81. ಅಂದರೆ ಅವರಿಗೆ ಅಲ್ಲೂ ಗಡಿಯಾರ ಓಡುತ್ತಿದೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ದತ್ತು ಮಗು ಮನೆಗೆ ಬಂದರೆ ಆಮೇಲೆ ಸರೋಗಸಿಗೆ ಅರ್ಹತೆ ಇರುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಹೆತ್ತ ಮಗು, ದತ್ತು ಮಗು ಎರಡೂ ಒಂದೇ. ಮಗುವಿಗೆ ಅಂಗವೈಕಲ್ಯ ಅಥವಾ ಪ್ರಾಣಕ್ಕೆ ಅಪಾಯದ ಕಾಯಿಲೆ ಇದ್ದರೆ ಮಾತ್ರ ವಿನಾಯಿತಿ. ಹಾಗಾಗಿ ಯಾವುದು ಮೊದಲು ಅಂತ ಕೂತು ಲೆಕ್ಕ ಹಾಕಲೇಬೇಕು. ಅದನ್ನು ಹಟ ಅನ್ನಬೇಡಿ.

ಕರಿಕೋಟು:
"ಬಾಡಿಗೆ" ಅನ್ನುವ ಮಾತಿಗೆ ನನ್ನದೊಂದು ತಕರಾರು. ಪೇಪರಿನವರು ಇವತ್ತಿಗೂ ಬಾಡಿಗೆ ತಾಯಿ ಅಂತಲೇ ಬರೆಯುತ್ತಾರೆ. 2022ರ ಜನವರಿ 25ರಿಂದ ಹೊಸ ಸರೋಗಸಿ ಕಾಯ್ದೆ ಜಾರಿಯಲ್ಲಿದೆ. ಅದರಲ್ಲಿ ಬಾಡಿಗೆ ಕೊಡುವುದೇ ಅಪರಾಧ. ಆಸ್ಪತ್ರೆ ಖರ್ಚು, ವಿಮೆ, ನಿಯಮದಲ್ಲಿ ಹೇಳಿದ ಕೆಲವು ಖರ್ಚು, ಇಷ್ಟೇ. ದುಡ್ಡು ಕೊಟ್ಟು ಮಾಡಿಸಿದ ದಂಪತಿಗೆ ಮೊದಲ ಸಲ ಸಿಕ್ಕಿಬಿದ್ದರೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ತುಂಗೆಯವರ ತಂಗಿ ಮಾಡುತ್ತಿರುವುದಕ್ಕೆ ಬಾಡಿಗೆ ಅನ್ನುವ ಹೆಸರು ಅನ್ಯಾಯ.

ತುಂಗೆಯವರೇ, ನಿಮಗೆ ಎರಡು ಮಾತು. ಸರೋಗೇಟ್, ಅಂದರೆ ಹೊರುವವಳ ವಯಸ್ಸು 25ರಿಂದ 35 ಅಂತ ಇದೆ. ಅದನ್ನು ನೋಡುವುದು ಭ್ರೂಣ ಇಡುವ ದಿನಕ್ಕೆ. ಕಾಗದ ಆದ ದಿನಕ್ಕಲ್ಲ. 35 ತುಂಬಿದ ಮೇಲೆ ನಡೆಯುತ್ತದಾ ಇಲ್ಲವಾ ಅಂತ ವಾದ ಮಾಡುತ್ತಾ ಕೂರುವ ಬದಲು ಮಾಡುವುದಾದರೆ ಅವಳ ಹುಟ್ಟುಹಬ್ಬಕ್ಕೆ ಮೊದಲೇ ಮಾಡಿ. ಎರಡನೆಯದು ಇದಕ್ಕಿಂತ ಮುಖ್ಯ. ಭ್ರೂಣ ಇಡುವ ಕ್ಷಣದವರೆಗೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳುವ ಹಕ್ಕು ಅವಳದು. ಮೊದಲು ಎರಡು ಸಲ ಹೂಂ ಅಂದಿದ್ದಾಳೆ ಅಂತ ಮೂರನೇ ಸಲಕ್ಕೂ ಹೂಂ ಅಂತಲ್ಲ. ನಿಮ್ಮ ಓರಗಿತ್ತಿ ಬಳಸಿದ್ದೂ ಅದೇ ಹಕ್ಕು. ಕೋಪ ಬರುತ್ತದೆ, ಗೊತ್ತು. ಆದರೂ ಅದು ಇರಬೇಕು.

ಗಸಗಸೆ ಪಾಯಸ:
ಕರಿಕೋಟು ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನಗೆ ಈಗ 51. 2020ರಲ್ಲೇ ನಮ್ಮ ಭ್ರೂಣ ಫ್ರೀಜ್ ಮಾಡಿಸಿ ಇಟ್ಟಿದ್ದೆವು. ಆಮೇಲೆ ಕೊರೋನಾ, ಆಮೇಲೆ ಅತ್ತೆಯವರ ಕಾಯಿಲೆ. ಹೆಂಗಸಿಗೆ 50ರ ಮಿತಿ ಅಂತ ಗೊತ್ತಾದ ಮೇಲೆ ಕೈಬಿಟ್ಟೆವು. ಆದರೂ ಪ್ರತಿ ವರ್ಷ ಸ್ಟೋರೇಜ್ ದುಡ್ಡು ಕಟ್ಟುತ್ತಲೇ ಇದ್ದೇನೆ. ಬಿಸಾಡಲು ಮನಸ್ಸು ಬರುವುದಿಲ್ಲ.

ಕರಿಕೋಟು:
ಅಮ್ಮಾ, ನಾಳೆಯೇ ಒಳ್ಳೆ ವಕೀಲರನ್ನು ನೋಡಿ. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಪೀಠದಲ್ಲಿದ್ದರು. ಕಾಯ್ದೆ ಬರುವ ಮೊದಲೇ ಭ್ರೂಣ ಮಾಡಿಸಿ ಫ್ರೀಜ್ ಮಾಡಿದ ದಂಪತಿಗೆ ಈ ವಯಸ್ಸಿನ ಮಿತಿ ಅನ್ವಯಿಸುವುದಿಲ್ಲ ಅಂದಿದ್ದಾರೆ. ನಿಮ್ಮ ವಿಷಯ ಅದರೊಳಗೆ ಬರುವ ಹಾಗೆ ಕಾಣುತ್ತದೆ. ಫ್ರೀಜ್ ಮಾಡಿದ ದಿನಾಂಕದ ಕಾಗದ, ಸ್ಟೋರೇಜ್ ರಸೀದಿ ಎಲ್ಲ ಜೋಪಾನವಾಗಿಡಿ. ಬಿಸಾಡದೆ ಇದ್ದಿದ್ದು ಒಳ್ಳೆಯದಾಯಿತು.

ನಮ್ಮ ಹೈಕೋರ್ಟಿಗೂ 2023ರಲ್ಲಿ ಇಂಥದ್ದೇ ಒಂದು ಕೇಸ್ ಬಂದಿತ್ತು. ಗಂಡನಿಗೆ 57, ಮಿತಿ 55. ಆಗ ಕೋರ್ಟು ವಯಸ್ಸೊಂದನ್ನೇ ಹಿಡಿದು ಕೂರದೆ ಆನುವಂಶಿಕ, ದೈಹಿಕ, ಆರ್ಥಿಕ ಅಂತ ಮೂರು ಪರೀಕ್ಷೆ ಹೇಳಿತ್ತು.

ಗಸಗಸೆ ಪಾಯಸ:
ಕೈ ನಡುಗುತ್ತಿದೆ. ಯಜಮಾನರು ಮಲಗಿದ್ದಾರೆ. ಎಬ್ಬಿಸಲಾ ಬೇಡವಾ?

ಅಪ್ಪ ಆಗದವನು:
ಎಬ್ಬಿಸಿ ಅಮ್ಮಾ!

ನೈಟ್ ಡ್ಯೂಟಿ:
ನಾನು ಫರ್ಟಿಲಿಟಿ ಸೆಂಟರ್ ಒಂದರಲ್ಲಿ 11 ವರ್ಷದಿಂದ ನರ್ಸ್. ತುಂಗೆ ಅಕ್ಕಾ, ಮೊದಲು ಆ "ಸಾರಿ" ಬಗ್ಗೆ.

ಹೀಗೆ ಶುರುವಿನಲ್ಲೇ ಹೋಗುವ ಬಸಿರುಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಕಾರಣ ಭ್ರೂಣದ ಕ್ರೋಮೋಸೋಮ್ (ವಂಶವಾಹಿ ಎಳೆಗಳು) ಏರುಪೇರು. ಹೊತ್ತವಳು ಮೆಟ್ಟಿಲು ಹತ್ತಿದ್ದಕ್ಕೋ, ಹೊಲಿಗೆ ಮಿಷನ್ ತುಳಿದಿದ್ದಕ್ಕೋ ಆಗುವುದಲ್ಲ. ನಿಮ್ಮ ತಂಗಿಗೆ ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದಾರಾ? ಡಾಕ್ಟರ್ ನಿಮಗೆ ಹೇಳಿರುತ್ತಾರೆ, ನೀವೇ ಪೇಷಂಟ್ ಅನ್ನುವ ಹಾಗೆ. ಅವಳು ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾಳೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಒಂದು ಕೆಲಸ ಮಾಡಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಅವಳನ್ನು ಒಳಗೆ ಕಳಿಸಿ, ನೀವು ಹೊರಗೆ ಕೂತುಕೊಳ್ಳಿ. ಅವಳು ತನ್ನ ಪ್ರಶ್ನೆ ತಾನೇ ಕೇಳಲಿ. ನಿಮ್ಮೆದುರು ಅವಳಿಗೆ ಬಾಯಿ ಬರುವುದಿಲ್ಲ.

ತೆಗೆದದ್ದನ್ನು ಲ್ಯಾಬಿಗೆ ಕಳಿಸಿದ್ದರಾ? ರಿಪೋರ್ಟ್ ಇದ್ದರೆ ಅವಳ ಕೈಗೇ ಕೊಡಿ. ಉಳಿದ ಎರಡನ್ನು ಟೆಸ್ಟ್ ಮಾಡಿಸಿ ಇಡಬಹುದಾ ಅಂತಲೂ ಜನ ಕೇಳುತ್ತಾರೆ. ಕರಗಿಸಿ, ಕೆಲವು ಜೀವಕೋಶ ತೆಗೆದು, ಮತ್ತೆ ಫ್ರೀಜ್ ಮಾಡಬೇಕು. ಅದರಲ್ಲೇ ಒಂದು ಹಾಳಾಗುವ ಭಯ ಇದೆ. ಇರುವುದೇ ಎರಡಾದಾಗ ನಮ್ಮಲ್ಲಿ ಡಾಕ್ಟರು ಸುಲಭಕ್ಕೆ ಹೂಂ ಅನ್ನುವುದಿಲ್ಲ. ನಿಮ್ಮ ಡಾಕ್ಟರನ್ನು ಕೇಳಿ ನೋಡಿ.

ಬೇ ಏರಿಯಾ ರಾಯರು:
ನಮ್ಮದು ಕ್ಯಾಲಿಫೋರ್ನಿಯಾ ಕಥೆ, ನಿಮಗೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ. ಇಲ್ಲಿ ದುಡ್ಡು ಕೊಡುವುದು ಕಾನೂನುಬದ್ಧ. ಏಜೆನ್ಸಿ, ವಕೀಲರು, ವಿಮೆ ಎಲ್ಲ ಸೇರಿ ಒಂದೂವರೆ ಲಕ್ಷ ಡಾಲರ್ ದಾಟಿತು. ಮಂಡ್ಯದ ಸೈಟು ಹೋಯಿತು. ದುಡ್ಡು ಕೊಟ್ಟರೆ ಋಣ ಇರುವುದಿಲ್ಲ ಅಂದುಕೊಂಡಿದ್ದೆ. ಮೊದಲನೆಯವರಿಗೆ ಎರಡು ಸಲ ಆಗಲಿಲ್ಲ. ಕಾಂಟ್ರಾಕ್ಟ್ ಮುಗಿಯಿತು ಅಂತ ಏಜೆನ್ಸಿಯಿಂದ ಒಂದು ಇಮೇಲ್ ಬಂತು, ಅಷ್ಟೇ. ಆಕೆ ಅತ್ತರೋ ಏನೋ ಗೊತ್ತಿಲ್ಲ. ನನ್ನ ಹೆಂಡತಿ ಈಗಲೂ ಕೇಳುತ್ತಾಳೆ, "ಅವರಿಗೊಂದು ಕಾರ್ಡಾದರೂ ಕಳಿಸಬೇಕಿತ್ತು ಅಲ್ವಾ?" ಎರಡನೆಯವರಿಂದ ಮಗಳು ಬಂದಳು, ಈಗ ನಾಲ್ಕು ವರ್ಷ. ನಿಮ್ಮ ತಂಗಿ ಕೈ ಹಿಡಿದು ಸಾರಿ ಅನ್ನುವಷ್ಟು ಹತ್ತಿರ ಇದ್ದಾಳಲ್ಲ, ಅದು ನಮಗಿರಲಿಲ್ಲ.

ಒಂದು ಸಲ ಹೊತ್ತವಳು:
ಈ ಚರ್ಚೆ ಮೂರು ದಿನದಿಂದ ನೋಡುತ್ತಿದ್ದೇನೆ. ಬರೆಯಲಾ ಬೇಡವಾ ಅಂತ ಯೋಚಿಸಿ ಈಗ ಬರೆಯುತ್ತಿದ್ದೇನೆ. ನಾನು ನನ್ನ ಅಕ್ಕನಿಗೆ ಹೊತ್ತು ಕೊಟ್ಟವಳು. ಊರು ಬೇಡ.

ನನ್ನ ಮೊದಲನೆಯದೂ ಹೋಯಿತು, ಎಂಟು ವಾರಕ್ಕೆ. ಮನೆತುಂಬಾ ಜನ ಬಂದರು. ಎಲ್ಲರೂ ಅಕ್ಕನ ಹತ್ತಿರ ಕೂತು ಸಮಾಧಾನ ಮಾಡಿದರು. ನಾನು ಅಡುಗೆಮನೆಯಲ್ಲಿ ಅವರಿಗೆ ಕಾಫಿ ಸೋಸುತ್ತಿದ್ದೆ. ರಕ್ತ ಇನ್ನೂ ಹೋಗುತ್ತಿತ್ತು ಕಣ್ರೀ. ಯಾರ ಮೇಲೂ ಕೋಪ ಇಲ್ಲ. ಆ ದುಃಖದಲ್ಲಿ ನನ್ನದೂ ಒಂದು ಪಾಲಿದೆ ಅಂತ ಅವರಿಗೆ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ. ಮಗು ನನ್ನದಲ್ಲವಲ್ಲ, ನಾನು ಯಾಕೆ ಅಳಬೇಕು ಅಂತ ಇದ್ದೆ.

ಎರಡನೇ ಸಲ ಅಕ್ಕ ಕೇಳಿದ್ದು ಯುಗಾದಿ ದಿನ ಊಟದ ಹೊತ್ತಿಗೆ, ಅಪ್ಪ ಅಮ್ಮ ಭಾವ ಎಲ್ಲರ ಎದುರು. ಒಬ್ಬಟ್ಟು ಬಾಯಲ್ಲಿತ್ತು. ಬೇಡ ಅನ್ನಲು ದಾರಿಯೇ ಇರಲಿಲ್ಲ. ಹೂಂ ಅಂದೆ. ಒಳ್ಳೆಯದೇ ಆಯಿತು, ಈಗ ಮಗ ಯುಕೆಜಿ. ಆದರೆ ಆ ಹೂಂ ನನ್ನದಾಗಿರಲಿಲ್ಲ. ಒಂಬತ್ತು ತಿಂಗಳು ಅದೊಂದು ಮುಳ್ಳಿನ ಹಾಗೆ ಇತ್ತು.

ನೀವು ಹೇಗೆ ಕೇಳಲಿ ಅಂದಿರಿ. ಒಬ್ಬಳೇ ಇದ್ದಾಗ ಕೇಳಿ. ಕೇಳುವಾಗಲೇ ಉತ್ತರ ಬೇಡ ಅನ್ನಿ. ಬೇಡ ಅಂದರೆ ಮನೆಯವರಿಗೆಲ್ಲ "ಡಾಕ್ಟರೇ ಬೇಡ ಅಂದರು" ಅಂತ ನಾನೇ ಹೇಳುತ್ತೇನೆ ಅಂತ ಮಾತು ಕೊಡಿ. ಅವಳಿಗೆ ತಪ್ಪಿಸಿಕೊಳ್ಳಲು ಒಂದು ಬಾಗಿಲು ತೆಗೆದಿಟ್ಟು ಆಮೇಲೆ ಕೇಳಿ. ಕೇಳುವುದೇ ಬೇಡ ಅಂತ ಮಾತ್ರ ಅಂದುಕೊಳ್ಳಬೇಡಿ. ಕೇಳದೆ ಬಿಟ್ಟರೆ ತನ್ನಿಂದ ಆಗಲಿಲ್ಲ ಅಂತಲೇ ಅವರು ಬಿಟ್ಟರು ಅಂದುಕೊಳ್ಳುತ್ತಾಳೆ. ನಾನು ಹಾಗೇ ಅಂದುಕೊಳ್ಳುತ್ತಿದ್ದೆ.

ಇನ್ನೊಂದು. ಹೆರಿಗೆಯಾದ ಮೂರನೇ ದಿನ ನನಗೆ ಹಾಲು ಬಂತು. ಬರುತ್ತದೆ ಅಂತ ನನಗೂ ಗೊತ್ತು, ಒಂದು ಹೆತ್ತವಳು. ಆದರೆ ಈ ಸಲ ಏನು ಮಾಡಬೇಕು ಅಂತ ಯಾರೂ ಮಾತಾಡಿರಲಿಲ್ಲ. ಮಗು ಅಕ್ಕನ ಮನೆಯಲ್ಲಿತ್ತು. ರವಿಕೆ ಒದ್ದೆಯಾಗಿ ಕೂತಿದ್ದೆ. ಇಂಥದ್ದನ್ನೆಲ್ಲ ಮೊದಲೇ ಮಾತಾಡಿಕೊಳ್ಳಿ.

ತುಂಗೆಯ ಮಗಳು:
ಅಕ್ಕಾ, ನಿಮ್ಮದನ್ನು ನಾಲ್ಕು ಸಲ ಓದಿದೆ. ಅವಳಿಗೆ ಡಿ ಅಂಡ್ ಸಿ ಆದ ಮೇಲೆ ನಾನು ಏನು ಮಾಡಿದೆ ಗೊತ್ತಾ? ಬೆಂಗಳೂರಿಗೆ ವಾಪಸ್ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅವಳು ನಾಲ್ಕನೇ ದಿನಕ್ಕೆ ಅಂಗಡಿ ತೆಗೆದಿದ್ದಳಂತೆ. ಮದುವೆ ಸೀಸನ್, ಬ್ಲೌಸ್ ಕೊಡಬೇಕಿತ್ತಂತೆ. ನಾನು ವಿಚಾರಿಸಿದ್ದು ವಾಟ್ಸಾಪಿನಲ್ಲಿ. ನಾಚಿಕೆ ಆಗುತ್ತಿದೆ.

ಕೆರೆ ಏರಿ:
ನಾನು ಮೊದಲು ಬರೆದದ್ದು ಒರಟಾಯಿತು, ಕ್ಷಮಿಸಿ. ಒಂದು ಪ್ರಶ್ನೆ. ಅವಳ ಅಂಗಡಿ ಮುಚ್ಚಿದರೆ ಆಗುವ ನಷ್ಟ ತುಂಬಿಕೊಡಬಹುದಾ? ಒಂದು ಹೊಸ ಮಿಷನ್ ಕೊಡಿಸಿದರೆ?

ಕರಿಕೋಟು:
ಒಳ್ಳೆ ಪ್ರಶ್ನೆ, ಕಷ್ಟದ ಪ್ರಶ್ನೆ. ಅಣ್ಣ ತಂಗಿಗೆ ಮಿಷನ್ ಕೊಡಿಸಿದರೆ ಯಾರೂ ಕೇಳುವುದಿಲ್ಲ. ಇಲ್ಲಿ ಅದನ್ನು ಹೊರುವುದಕ್ಕೆ ಕೊಟ್ಟಿದ್ದು ಅಂತ ಯಾರಾದರೂ ಅಂದರೆ ಇಬ್ಬರಿಗೂ ತೊಂದರೆ. ನಿಯಮ ಏನು ಒಪ್ಪುತ್ತದೆ ಅಂತ ಕಾಗದ ಮಾಡುವ ವಕೀಲರ ಹತ್ತಿರ ಬರೆಸಿಕೊಂಡೇ ಮುಂದೆ ಹೋಗಿ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಕಾನೂನು ಮಾಡಿದವರು ಇಲ್ಲಿ ಹೆಣ್ಣುಮಕ್ಕಳ ತ್ಯಾಗದ ಮೇಲೆ ಸ್ವಲ್ಪ ಜಾಸ್ತಿಯೇ ಭಾರ ಹಾಕಿದ್ದಾರೆ. ಕೇಂದ್ರ ಸರ್ಕಾರಿ ನೌಕರಳಾಗಿದ್ದರೆ 2024ರ ತಿದ್ದುಪಡಿಯಂತೆ ಹೊತ್ತವಳಿಗೂ 180 ದಿನ ಹೆರಿಗೆ ರಜೆ ಸಿಗುತ್ತದೆ. ಸಾಗರದ ಟೈಲರ್‌ಗೆ ಯಾರು ರಜೆ ಕೊಡುತ್ತಾರೆ?

ಅಪ್ಪ ಆಗದವನು:
ತುಂಗೆಯವರೇ, ನಿಲ್ಲಿಸಿದವರ ಮಾತೂ ಒಂದಿರಲಿ. ಇಲ್ಲಿ ಬರೆಯುವವರೆಲ್ಲ ಬಿಡಬೇಡಿ ಬಿಡಬೇಡಿ ಅನ್ನುತ್ತಾರೆ. ನಾವು ನನ್ನ ಹೆಂಡತಿಯ ಅತ್ತಿಗೆಗೆ ಎರಡು ಸಲ ಮಾಡಿಸಿ ನಿಲ್ಲಿಸಿದೆವು. ಎರಡನೇ ಸಲ ಅವರಿಗೆ ಬಿಪಿ ಏರಿ ಮೂರು ದಿನ ಐಸಿಯು. ಆ ಮೂರು ದಿನ ಅವರ ಮಗಳು ನಮ್ಮ ಮನೆಯಲ್ಲಿದ್ದಳು. "ಮಾಮಾ, ಅಮ್ಮ ಯಾವಾಗ ಬರುತ್ತಾಳೆ" ಅಂತ ಕೇಳಿದಳು. ಒಂದು ಭ್ರೂಣ ಇನ್ನೂ ಇತ್ತು. ಆದರೂ ಸಾಕು ಅಂದೆವು. ಬೇಜಾರಿದೆ, ಪಶ್ಚಾತ್ತಾಪ ಇಲ್ಲ. ಸೀಮಂತಕ್ಕೆ ಕರೆದರೆ ನನ್ನ ಹೆಂಡತಿ ಈಗಲೂ ಹೋಗುವುದಿಲ್ಲ, ಮಡಿಲು ತುಂಬಲು ಯಾರನ್ನು ಕರೆಯಬೇಕು ಅಂತ ಅಲ್ಲಿ ಕಣ್ಣಲ್ಲೇ ಮಾತಾಗುತ್ತದಲ್ಲ, ಅದಕ್ಕೆ. ಉಳಿದಂತೆ ಚೆನ್ನಾಗಿದ್ದೇವೆ. ನಿಮ್ಮದು ಮುಂದೆ ಹೋಗುವ ಕಥೆಯೇ ಆಗಲಿ, ಆದರೆ ನಿಲ್ಲಿಸಿದರೆ ಸೋತ ಹಾಗೆ ಅಂದುಕೊಳ್ಳಬೇಡಿ.

ತುಂಗೆಯ ಮಗಳು:
ಶನಿವಾರ ರಾತ್ರಿ ಬಸ್ಸು ಹತ್ತಿ ಸಾಗರಕ್ಕೆ ಹೋಗಿದ್ದೆ. ಒಬ್ಬಳೇ. ಎರಡು ದಿನ ಅಡುಗೆ ನಾನೇ ಮಾಡಿದೆ. ಅವಳು ಅಂಗಡಿಯಲ್ಲಿ ಹೊಲಿದಳು, ನಾನು ಗುಂಡಿ ಹಚ್ಚಿ ಕೊಟ್ಟೆ. ಎರಡು ಅಂಗಿಗೆ ತಲೆಕೆಳಗೆ ಹಚ್ಚಿದ್ದೆ, ಬಿಚ್ಚಿಸಿದಳು.

ರಿಪೋರ್ಟ್ ಕೊಟ್ಟೆ. ಕ್ರೋಮೋಸೋಮ್ ತೊಂದರೆ ಅಂತಲೇ ಇತ್ತು. ಅವಳು ಅದನ್ನು ಬಹಳ ಹೊತ್ತು ನೋಡಿ, "ಹಂಗಾದರೆ ನಾನು ಆವತ್ತು ಗುಡ್ಡ ಹತ್ತಿ ಜಾತ್ರೆಗೆ ಹೋಗಿದ್ದಕ್ಕಲ್ವಾ?" ಅಂದಳು. ಆರು ತಿಂಗಳು ಅದನ್ನು ಒಬ್ಬಳೇ ಇಟ್ಟುಕೊಂಡಿದ್ದಳು. ಇಬ್ಬರೂ ಕತ್ತರಿಸಿದ ಬಟ್ಟೆಯ ರಾಶಿಯಲ್ಲಿ ಕೂತು ಅತ್ತೆವು.

ಆಮೇಲೆ ಕೇಳಿದೆ, ನೀವು ಹೇಳಿಕೊಟ್ಟ ಹಾಗೆ. ಬಾಗಿಲು ತೆಗೆದಿಟ್ಟು. ಉತ್ತರ ಈಗ ಬೇಡ ಅಂದೆ. ಹತ್ತು ದಿನ ತಗೊಂಡಳು. ನಿನ್ನೆ ಫೋನ್ ಬಂತು. ಹೂಂ ಅಂದಳು, ಆದರೆ ಷರತ್ತು ಇದೆ. ಇದೇ ಕೊನೆ, ಆಗಲಿ ಬಿಡಲಿ. ಮಗನ ಪರೀಕ್ಷೆ ಮುಗಿಯಬೇಕು. ಊರಿನಲ್ಲಿ ಬಸಿರು ನಿಲ್ಲುವವರೆಗೆ ಯಾರಿಗೂ ಹೇಳಬಾರದು, ನನ್ನ ಅಮ್ಮನಿಗೂ. ಬಸಿರು ನಿಲ್ಲಲು ಕೊಡುವ ಪ್ರೊಜೆಸ್ಟರಾನ್ ಇಂಜೆಕ್ಷನ್‌ಗೆ ದಿನಾ ಕ್ಲಿನಿಕ್‌ಗೆ ಹೋಗುವುದಿಲ್ಲ, ನಾನೇ ಬಂದು ಇದ್ದು ಹಾಕಬೇಕು. "ಚುಚ್ಚುವಾಗ ನಿಂಗೂ ನೋವಾಗಲಿ ಅಕ್ಕಾ" ಅಂತ ನಕ್ಕಳು.

ಆಫೀಸಿನಲ್ಲಿ ಎರಡು ತಿಂಗಳು ಮನೆಯಿಂದ ಕೆಲಸ ಕೇಳಿದ್ದೇನೆ. ನೈಟ್ ಡ್ಯೂಟಿ ಅಕ್ಕಾ, ಇಂಜೆಕ್ಷನ್ ಹಾಕುವುದು ಕಲಿಯಬೇಕು. ಕೈ ನಡುಗುತ್ತದೆ.

ನೈಟ್ ಡ್ಯೂಟಿ:
ನಿಮ್ಮ ಸೆಂಟರಿನ ನರ್ಸ್ ಹತ್ತಿರ ಮೊದಲು ಎದುರಿಗೇ ಕಲಿಯಿರಿ, ಅವರ ಮುಂದೆ ಎರಡು ಸಲ ಹಾಕಿ ತೋರಿಸಿ. ಅದು ಎಣ್ಣೆಯ ಮದ್ದು, ಗಟ್ಟಿ ಇರುತ್ತದೆ. ಸೀಸೆಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ, ನಿಧಾನಕ್ಕೆ ಬಿಡಿ. ಒಂದು ದಿನ ಎಡ, ಒಂದು ದಿನ ಬಲ.

ಒಂದು ಸಲ ಹೊತ್ತವಳು:
ಹಾಕಿದ ಮೇಲೆ ಬಿಸಿನೀರಿನ ಚೀಲ ಇಡಿ. ಇಲ್ಲದಿದ್ದರೆ ಗಂಟು ಕಟ್ಟುತ್ತದೆ, ಕೂರಲು ಆಗುವುದಿಲ್ಲ. ಅವಳು ಮಿಷನ್ ಮುಂದೆ ಕೂರಬೇಕಲ್ಲ.

ಗಸಗಸೆ ಪಾಯಸ:
ಕರಿಕೋಟು ಸರ್, ಸ್ಟೋರೇಜ್ ರಸೀದಿ ಎಲ್ಲ ಸಿಕ್ಕಿತು, 2020ರದು ಒಂದು ಬಿಟ್ಟು. ಬೀರು ಪೂರ್ತಿ ಇಳಿಸಿದ್ದೇವೆ. ಅದಿಲ್ಲದಿದ್ದರೆ ನಡೆಯುತ್ತದಾ?